ಕೇಳಿಯೇ ಕರೆದೊಯ್ದೆವು

ಅಮ್ಮ ಮದುವೆಯಾಗಿ ಬಂದಾಗ ಅವಳ ಬಳುವಳಿಯನ್ನು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಜೋಡಿಸಿದ್ದರಂತೆ: ತಾಮ್ರದ ಹಂಡೆ, ಹಿತ್ತಾಳೆಯ ದೀಪಗಳು, ತೊಟ್ಟಿಲು; ಸಾಲಿನ ತುದಿಯಲ್ಲಿ ಕೈಕಟ್ಟಿ ನಿಂತ ಹತ್ತು ವರ್ಷದ ಬೈರಿ. ಮದುವಣಗಿತ್ತಿಯ ಜೊತೆ ತೌರಿನ ಆಳುಮಗಳೊಬ್ಬಳನ್ನು ಜೀವಮಾನಕ್ಕೆ ಕೊಟ್ಟು ಕಳಿಸುವುದು ನಮ್ಮಂಥ ಮನೆಗಳ ವಾಡಿಕೆ. "ಹಂಡೆ ಇನ್ನೂ ಸೋರಿಲ್ಲ, ಹುಡುಗಿಯೂ ಅಷ್ಟೇ ಗಟ್ಟಿ" ಎಂದು ಅಜ್ಜಿ ಬಂದವರೆದುರು ಹೇಳಿಕೊಳ್ಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅಜ್ಜಿ ತೀರಿಕೊಂಡ ಮೇಲೆ ಆ ಮಾತು ನಿಂತಿತು. ಅಪ್ಪ ಓದಿಕೊಂಡವರು. ಅಮೆರಿಕದಲ್ಲಿ ಗುಲಾಮಗಿರಿ ತೊಲಗಿದ ಬಗೆಯನ್ನು ಕುರಿತು ಊರಿನ ವಾಚನಾಲಯದಲ್ಲಿ ಭಾಷಣ ಮಾಡಿದರು. ಮನುಷ್ಯರನ್ನು ಕೊಳ್ಳುವುದು ದೇವರ ಕಟ್ಟಳೆ ಎನ್ನುತ್ತಿದ್ದವರ ಮಕ್ಕಳೇ ಮುಂದೆ ಅದಕ್ಕಾಗಿ ತಲೆತಗ್ಗಿಸಿದರು ಎನ್ನುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಕೇಳುಗರಿಗೆಲ್ಲ ಪಾನಕ ಹಂಚಿದವಳು ಬೈರಿ. ಮರುದಿನದಿಂದ ಅಪ್ಪ ಅವಳನ್ನು ಬೈರಮ್ಮ ಎಂದು ಕರೆಯತೊಡಗಿದರು. ಕೆಲಸ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ನನ್ನ ಮದುವೆ ಗೊತ್ತಾದಾಗ ಬೈರಿಯ ಮಗಳು ನಂಜಿಗೂ ಗಂಡು ಗೊತ್ತಾಗಿತ್ತು. ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವ ಹುಡುಗ. ಅಷ್ಟರಲ್ಲಿ ನನ್ನ ಅತ್ತೆಯ ಮನೆಯಿಂದ "ಹುಡುಗಿಯ ಜೊತೆ ಯಾರು ಬರುತ್ತಾರೆ?" ಎಂದು ಕೇಳಿಕಳಿಸಿದರು. ಬೈರಿ ಅಪ್ಪನ ಕಾಲಿಗೆ ಬಿದ್ದಳು.

"ಬುದ್ಧೀ, ನಾನೆಂಗೋ ಸವೆದೋದೆ. ನನ್ ಮಗಳು ತನ್ನೊಲೇಲಿ ತಾನು ಬೇಯಿಸ್ಕೊಂಡು ಉಣ್ಲಿ. ಅವಳ್ನ ಮಾತ್ರ ಕಳಿಸ್ಬೇಡಿ."

"ಏಳು ಬೈರಮ್ಮ. ಕೇಳದೆ ಕಳಿಸೋದಕ್ಕೆ ನಾವೇನು ಗುಲಾಮರನ್ನ ಇಟ್ಕೊಂಡಿದೀವಾ? ಅವಳನ್ನೇ ಕೇಳೋಣ. ಒಲ್ಲೆ ಅಂದ್ರೆ ಬಿಟ್ಟುಬಿಡೋಣ."

ಬೈರಿ ನಂಬಿದಳು.

ಕೇಳುವ ಕೆಲಸವನ್ನು ಅಪ್ಪ ನನಗೆ ವಹಿಸಿದರು. ಕೇಳಿದ್ದಾದರೂ ಎಲ್ಲಿ? ಅದೇ ಪಡಸಾಲೆಯಲ್ಲಿ, ನನ್ನ ಬಳುವಳಿಯ ಹಂಡೆ ದೀಪಗಳ ನಡುವೆ, ಬೀಗರೆಲ್ಲ ಜಮಖಾನದ ಮೇಲೆ ಕುಳಿತು ನೋಡುತ್ತಿದ್ದಾಗ. ನಂಜಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು. ಹಿತ್ತಲಿಗೆ ಕರೆದು ಒಬ್ಬಳನ್ನೇ ಕೇಳಬಹುದಿತ್ತು. ಹಾಗೆ ಕೇಳಿದ್ದರೆ ಒಲ್ಲೆ ಎನ್ನುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗುರುತಿಲ್ಲದ ಮನೆಗೆ ಒಬ್ಬಳೇ ಹೋಗಲು ನನಗೆ ಹೆದರಿಕೆ.

"ನಂಜಿ, ನನ್ನ ಜೊತೆ ಬರ್ತೀಯಲ್ವೇನೇ? ನಿನಗಿಷ್ಟ ಇದ್ರೆ ಮಾತ್ರ."

ಅವಳು ಬಾಗಿಲ ಮರೆಯಲ್ಲಿದ್ದ ತಾಯಿಯನ್ನು ನೋಡಿದಳು. ಆಮೇಲೆ ಬೀಗರನ್ನು, ಅಪ್ಪನನ್ನು.

"ನೀವು ಹೇಳ್ದಂಗೆ ಅಮ್ಮಣ್ಣಿ."

"ನೋಡಿದಿರಾ, ಬಲವಂತ ಏನೂ ಇಲ್ಲ" ಎಂದು ಅಪ್ಪ ಬೀಗರತ್ತ ತಿರುಗಿ ನಕ್ಕರು. ಅಪ್ಪನ ಮುಖದಲ್ಲಿ ಕಪಟವಿರಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಹೊರಡುವ ಬೆಳಿಗ್ಗೆ ಬೈರಿ ನನ್ನ ಬಳಿ ಬಂದಳು. ಅಳಲಿಲ್ಲ.

"ನನ್ನ ಯಾರೂ ಕೇಳಿರ್ಲಿಲ್ಲ ಅಮ್ಮಣ್ಣಿ. ಅದ್ಕೇ, ಕಳಿಸಿದ ನಿಮ್ ತಾತನ್ನ ಮನಸಾರೆ ಬೈಕೊಂಡು ಬದುಕ್ದೆ. ನನ್ ಮಗಳು ಯಾರ್ನ ಬೈಬೇಕು? ಅವಳ ಬಾಯಲ್ಲೇ ಹೇಳಿಸ್ಬುಟ್ರಲ್ಲ."

ನಾನು ಗಾಡಿ ಹತ್ತಿದೆ. ನಂಜಿ ಗಾಡಿಯ ಹಿಂಬದಿಯಲ್ಲಿ ಪೆಟ್ಟಿಗೆಗಳ ನಡುವೆ ಊರಿನ ಕಡೆ ಮುಖಮಾಡಿ ಕುಳಿತಳು. ಬೈರಿ ಗಾಡಿಯ ಮರ ಹಿಡಿದು ಜೊತೆಯಲ್ಲೇ ನಡೆಯತೊಡಗಿದಳು. ಊರ ಕೊನೆಯ ಮನೆ ದಾಟಿದರೂ ಕೈ ಬಿಡಲಿಲ್ಲ. ನಮ್ಮ ಮನೆಯ ನೀರು ಹೊತ್ತು ಸೊಂಟ ಬಿದ್ದಿದ್ದ ಅವಳಿಂದ ಓಡಲಾಗದು ಎಂಬುದು ನನಗೆ ತಿಳಿದಿತ್ತು.

"ಎತ್ತುಗಳನ್ನ ಓಡಿಸಪ್ಪ" ಎಂದು ಗಾಡಿಯವನಿಗೆ ನಾನೇ ಹೇಳಿದೆ.