ಗಂಟೆಯ ಹಗ್ಗ

ಇಂಜಿನ್ನಿನ ನೆತ್ತಿಯ ಮೇಲೆ ಬಿಳಿ ಆವಿ ಎದ್ದಿತು, ಅಂದರೆ ಶಿಳ್ಳೆ ಹಾಕಿತು, ಇನ್ನು ಹೊರಡುತ್ತದೆ ಎಂದುಕೊಂಡ ಕೋದಂಡಪ್ಪ, ಹಾಗೆ ಅಂದುಕೊಳ್ಳುವಷ್ಟರಲ್ಲಿ ಬೌರಿಂಗ್‌ಪೇಟೆ ಸ್ಟೇಷನ್ನಿನ ಕಂಬಗಳು ಹಿಂದಕ್ಕೆ ಸರಿಯತೊಡಗಿದವು, ಸದ್ದಿಲ್ಲ, ಐದು ವರ್ಷದಿಂದ ಲೋಕವೆಲ್ಲ ಹೀಗೇ ಸದ್ದಿಲ್ಲದೆ ಹೊರಡುತ್ತದೆ, ಸದ್ದಿಲ್ಲದೆ ಬಂದು ಮೈಮೇಲೆ ಬೀಳುತ್ತದೆ, ಬೆಳಿಗ್ಗೆ ಬೆನ್ನ ಹಿಂದೆ ಬಂದ ಗಾಡಿಯವನು ಎಷ್ಟು ಬೈದನೋ ಏನೋ ಪಾಪ, ಇರಲಿ, ಮೊಳಕಾಲ ನಡುವೆ ಕೋಲು ಇದೆಯಲ್ಲ, ಇದೆ, ಎದುರಿಗೆ ಕೂತ ಹಾಲಿನಮ್ಮ ಅದನ್ನೇ ನೋಡುತ್ತಿದ್ದಾಳೆ, ಬಾಯಿ ಅಲ್ಲಾಡಿಸಿದಳು, ದನಾ ಹೊಡಿಯೋಕಾ ತಾತಾ ಎಂದಿರಬೇಕು, ಊಂ ಅಂದುಬಿಟ್ಟ, ದನ ಹೊಡೆಯುವ ಕೋಲಿಗೆ ತುದಿಯಲ್ಲಿ ಇಷ್ಟು ಚೆಂದದ ಕೊಕ್ಕೆ ಇರುತ್ತದೇನಮ್ಮ, ಹಾಕಿ ಕೋಲು ಇದು, ಹಿಪ್ಪುನೇರಳೆ ಮರದ್ದು, ಅಪ್ಪ ರೇಷ್ಮೆಹುಳ ಸಾಕುತ್ತಿದ್ದ ಕಾಲದ್ದು, ಹುಳಕ್ಕೆ ಸೊಪ್ಪು ಕೊಯ್ಯೋ ಗಿಡಾನೇ ಕಡ್ದಾಕ್ದೇನ್ಲಾ ಮನೆಹಾಳ ಎಂದು ಅಪ್ಪ ಅಟ್ಟಿಸಿಕೊಂಡು ಬಂದಿದ್ದ, ಗೂಡು ಬೇಯಿಸುವ ಹಂಡೆಯ ಆವಿಗೆ ಹಿಡಿದು ಹಿಡಿದು ತುದಿ ಬಗ್ಗಿಸಿದ್ದು, ಆಗ ಅಂಗೈ ಸುಟ್ಟ ಗುರುತು ಇನ್ನೂ ಇದೆ, ಬಂಗಾರದ ಗಣಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು, ಊರಿಗಾಂ ಮೈದಾನದಲ್ಲಿ ದೊರೆಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿ ತಲೆ ಕೆಟ್ಟುಹೋಗಿತ್ತು, ಚೆಂಡು ಬೇಲಿ ದಾಟಿ ಬಂದರೆ ಎತ್ತಿ ಕೊಡಬೇಕು, ಕಾಲಲ್ಲಿ ಮುಟ್ಟಬಾರದು, ಒಂದು ಸಲ ಇವನು ಎತ್ತಿಕೊಡದೆ ಕೈಲಿದ್ದ ಸಲಿಕೆಯ ಹಿಡಿಯಿಂದ ಹೊಡೆದು ಕಳಿಸಿದ್ದ, ಅದು ನೇರ ಗೋಲಿನೊಳಗೇ ಹೋಯಿತು, ದೊರೆ ನಕ್ಕ, ಮೇಸ್ತ್ರಿ ಕೆನ್ನೆಗೆ ಬಾರಿಸಿದ, ಯಾಕೆ ಬಾರಿಸಿದ ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಆ ಚೆಂಡು ಹೋದ ಹೋಗುವಿಕೆ, ಆಹಾ, ಈಗಲೂ ಕಣ್ಣು ಮುಚ್ಚಿದರೆ ಹೋಗುತ್ತಲೇ ಇದೆ, ಹಾಲಿನಮ್ಮ ನಗುತ್ತಿದ್ದಾಳೆ, ತಾನೂ ನಗುತ್ತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಲಂಡನ್ನಿನಲ್ಲಿ ಮುಂದಿನ ತಿಂಗಳು ಒಲಿಂಪಿಕ್ಸು, ಆ ಲಂಡನ್ ಎಲ್ಲಿದೆಯೋ, ದೊರೆಗಳು ಬಂದದ್ದೂ ಅಲ್ಲಿಂದಲೇ, ಬಂಗಾರ ಹೋದದ್ದೂ ಅಲ್ಲಿಗೇ, ಈಗ ನಮ್ಮವರು ಹನ್ನೊಂದು ಜನ ಕೋಲು ಹಿಡಿದು ಅಲ್ಲಿಗೇ ಹೋಗುತ್ತಾರೆ, ಬರ್ಲಿನ್ನಿನಲ್ಲಿ ಗೆದ್ದ ಸುದ್ದಿ ಬಂದಾಗ ಆಂಡರ್ಸನ್‌ಪೇಟೆಯ ಕ್ಷೌರದ ಅಂಗಡಿಯಲ್ಲಿ ಯಾರೋ ಪೇಪರು ಓದಿ ಹೇಳಿದ್ದರು, ಆಗ ಕಿವಿ ಇತ್ತು, ಅರ್ಧ ಬೋಳಿಸಿದ ಗಡ್ಡದಲ್ಲೇ ಬೀದಿಗೆ ಓಡಿ ಬಂದು ಕುಣಿದಿದ್ದ, ಗಣಿಯ ಗೆಳೆಯ ಕುಪ್ಪುಸ್ವಾಮಿ ಹಿಡಿದುಕೊಂಡು ನಮ್ಮೋರ್ ಗೆದ್ದದ್ದು ಸರಿ ಮಚ್ಚಾ, ಕೊಡಿ ಅವಂಗ್ಳದಲ್ವಾ ಎಂದಿದ್ದ, ಬಾವುಟ ಅವರದೇ ಅಲ್ಲವೇ ಅಂತ, ಕುಪ್ಪುಸ್ವಾಮಿಯ ಕನ್ನಡದಲ್ಲಿ ತಮಿಳು ಯಾವಾಗಲೂ ಒಂದು ಕಾಲು ಮುಂದೆ, ಅವನ ಆ ದಪ್ಪ ದನಿ ಒಂದು ಮಾತ್ರ ಕಿವಿಯೊಳಗೆ ಉಳಿದುಬಿಟ್ಟಿದೆ, ಸದ್ಯ, ಆಮೇಲೆ ಯುದ್ಧ, ಹನ್ನೆರಡು ವರ್ಷ ಆಟವೇ ಇಲ್ಲ, ಈಗ ಬಾವುಟ ನಮ್ಮದೇ, ಅದೇ ಇಂಗ್ಲಿಷರು ಎದುರಿಗೆ ಸಿಕ್ಕಿದರೆ, ಸಿಗಲಿ ದೇವರೇ, ಸಿಗಲಿ, ಬೇಲಿ ಇಲ್ಲದ ಮೈದಾನದಲ್ಲಿ ಒಂದು ಸಲ ಸಿಗಲಿ — ಆದರೆ ಕೋದಂಡಪ್ಪ, ನಿನಗೇನು ಕೇಳಿಸುತ್ತದೆ, ಮಣ್ಣು, ಹೋದ ತಿಂಗಳು ಆದದ್ದು ಸಾಲದೇ, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ, ಕೇಳದಿದ್ದರೂ ಬಿಸಿ ಮಾತ್ರ ಆಗುತ್ತದೆ ಹಾಳಾದ್ದು, ರಾಬರ್ಟ್‌ಸನ್‌ಪೇಟೆಯ ಕಾಫಿ ಹೋಟೆಲಿನಲ್ಲಿ ರೇಡಿಯೋ ಹಚ್ಚಿದ್ದರು, ಮದರಾಸಿನ ಯಾವುದೋ ಪಂದ್ಯ, ಇವನು ಜನರ ಮುಖ ನೋಡಿಕೊಂಡು ಆಟ ನೋಡುತ್ತಿದ್ದ, ಹುಬ್ಬು ಏರಿದರೆ ಚೆಂಡು ಮುಂದೆ ಹೋಯಿತು, ತುಟಿ ಕಚ್ಚಿದರೆ ಹೋಯಿತು ಕೈತಪ್ಪಿ, ಚೆನ್ನಾಗಿಯೇ ನಡೆದಿತ್ತು, ಅಷ್ಟರಲ್ಲಿ ಕಾಲ ಕೆಳಗೆ ನೆಲ ನಡುಗಿತು, ಲೋಟಗಳು ಅಲ್ಲಾಡಿದವು, ಎಲ್ಲರೂ ಒಟ್ಟಿಗೇ ಎದ್ದರು, ಗೋಲ್ ಎಂದು ಇವನೂ ಎದ್ದ, ಗೋಲ್ ಗೋಲ್ ಎಂದು ಚಪ್ಪಾಳೆ ತಟ್ಟಿದ, ಮೇಜು ಗುದ್ದಿದ, ಬೇರೆ ಯಾರೂ ತಟ್ಟಲಿಲ್ಲ, ಎಲ್ಲರೂ ಬೀದಿಗಿಳಿದು ಗಣಿಗೆ ಇಳಿಯುವ ಶಾಫ್ಟಿನ ಕಡೆ ಕತ್ತೆತ್ತಿ ನಿಂತಿದ್ದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಕೆಳಗೆಲ್ಲೋ ಬಂಡೆ ಸಿಡಿದಿತ್ತು, ಆ ಗಣಿ ಊರಿನಲ್ಲಿ ಕೂಸುಗಳಿಗೂ ಗೊತ್ತು ಆ ನಡುಕ, ಆಯುಷ್ಯವೆಲ್ಲ ಆ ನೆಲದ ಹೊಟ್ಟೆಯೊಳಗೆ ಕಳೆದ ಇವನಿಗೆ ಗೊತ್ತಾಗಲಿಲ್ಲ, ಸಂತೋಷದ ಕುಣಿತ ಅಂದುಕೊಂಡ, ಅಷ್ಟು ಆಸೆ ಇತ್ತು ಮನಸ್ಸಿನಲ್ಲಿ, ಯಾರಿಗೂ ಏನೂ ಆಗಲಿಲ್ಲ ಎಂದು ಸಂಜೆ ತಿಳಿಯಿತು, ಅದು ದೇವರ ದಯೆ, ಆದರೆ ಬಾಗಿಲಲ್ಲಿ ನಿಂತ ಆ ಹೆಂಗಸು ತನ್ನನ್ನು ನೋಡಿದ ನೋಟ, ಅವಳ ಗಂಡ ಆಗ ಕೆಳಗಿದ್ದನಂತೆ, ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತ್ತು.

ಅದಕ್ಕೇ ಈ ಪ್ರಯಾಣ, ಇವತ್ತು ಕೋಲನ್ನು ಕುಪ್ಪುಸ್ವಾಮಿಗೆ ಕೊಟ್ಟುಬಿಡುವುದು, ನನ್ನ ಆಟ ಮುಗಿಯಿತು ಕಣಪ್ಪ, ಲಂಡನ್ ಪಂದ್ಯ ನೀನೇ ಕೇಳಿಕೋ, ಗೆದ್ದರೆ ಯಾರ ಕೈಲಾದರೂ ಹೇಳಿಕಳಿಸು ಎಂದು ಹೇಳಿ ಸಂಜೆ ಗಾಡಿಗೆ ವಾಪಸು, ಪಾಪಕ್ಕನಿಗೆ ಹೇಳಿದರೆ ಕೈಯಲ್ಲಿದ್ದ ಮುದ್ದೆ ಕೋಲು ಎತ್ತಿಕೊಂಡೇ ಎದುರಿಗೆ ಬಂದು ನಿಂತಳು, ಮುವ್ವತ್ತು ವರ್ಷ ಸಂಸಾರ ಮಾಡಿದವಳ ತುಟಿ ಓದುವುದಕ್ಕೆ ಕಿವಿ ಯಾಕೆ, ಕಿವಿ ಓದ್ರೆ ಓಯ್ತು, ಮಕ ಯಾಕ್ ಸಣ್ಣ ಮಾಡ್ಕಂತೀಯ, ನಿನ್ ಕೋಲ್ನ ಒಲೆಗಾಕೋದಕ್ಕೆ ಅಂತ ಇಷ್ಟ್ ವರ್ಸ ಎಣ್ಣೆ ಸವರ್ದೆನಾ ನಾನು, ಕುಪ್ಪಣ್ಣ ಬಾ ಅಂತ ಏಳ್ ಕಳ್ಸವ್ನೆ, ಕೋಲೂ ತಕಂಬಾ ಅಂದವ್ನೆ, ಓಗಿ ಬಾ ಸುಮ್ನೆ ಎಂದಳು, ಬುತ್ತಿ ಕಟ್ಟಿದಳು, ಕೋಲಿಗೆ ಎಣ್ಣೆ ಸವರಿ ಕೊಟ್ಟಳು, ಕೊಡುವುದಕ್ಕೆ ಹೊರಟ ಕೋಲಿಗೆ ಎಣ್ಣೆ ಯಾಕೆ ಮಾರಾಯ್ತಿ, ರೈಲಿನ ಕಿಟಕಿಯಲ್ಲಿ ಸೈನೈಡ್ ಗುಡ್ಡ ಬಂತು, ಕಲ್ಲು ಅರೆದು ಬಂಗಾರ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಗುಡ್ಡ, ಅದರ ಬುಡದಲ್ಲಿ ಪಾಳಿ ಮುಗಿಸಿ ಬಂದವರು ಆಡುತ್ತಿದ್ದದ್ದು, ಕುಪ್ಪುಸ್ವಾಮಿ ಗೋಲಿಗೆ ನಿಲ್ಲುತ್ತಿದ್ದ, ಗಣಿಯೊಳಗೂ ಅವನದು ನಿಲ್ಲುವ ಕೆಲಸವೇ, ಶಾಫ್ಟಿನ ಬಾಯಲ್ಲಿ ನಿಂತು ಹಗ್ಗ ಎಳೆದು ಗಂಟೆ ಹೊಡೆಯುವುದು, ಒಂದಕ್ಕೆ ಆಳುಗಳನ್ನು ಇಳಿಸಿ ಏರಿಸುವ ತೊಟ್ಟಿಲು ನಿಲ್ಲಬೇಕು, ಎರಡಕ್ಕೆ ಇಳಿಯಬೇಕು, ಮೂರು ಹೊಡೆದರೆ ಮನುಷ್ಯರಿದ್ದಾರೆ, ಮೇಲಕ್ಕೆ ಎಂದರ್ಥ, ಅಪ್ಪಿತಪ್ಪಿಯೂ ಒಂದು ದಿನ ತಪ್ಪು ಹೊಡೆದವನಲ್ಲ — ಹಗ್ಗ, ಆ ಹಗ್ಗ, ಐದು ವರ್ಷದ ಹಿಂದೆ ಬಂಡೆ ಸಿಡಿದ ದಿನ ದೀಪ ಆರಿತು, ಕಿವಿಯೊಳಗೆ ಏನೋ ಹರಿಯಿತು, ಆಮೇಲೆ ಏನೂ ಇಲ್ಲ, ತಾನು ಕೂಗಿದ್ದೂ ತನಗೆ ಕೇಳಲಿಲ್ಲ, ಸತ್ತೆ ಅಂದುಕೊಂಡೇ ತೆವಳುತ್ತ ತೆವಳುತ್ತ ಗೋಡೆ ಸವರಿದರೆ ಅಂಗೈಗೆ ಒದ್ದೆ ಹಗ್ಗ ಸಿಕ್ಕಿತು, ಹಿಡಿದ, ಹಗ್ಗ ಅಂಗೈಯೊಳಗೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು, ಮತ್ತೆ, ಮೂರು, ಯಾರೋ ಬದುಕಿದ್ದಾರೆ, ತನ್ನನ್ನೂ ಸೇರಿಸಿ ಎಣಿಸುತ್ತಿದ್ದಾರೆ.

ಕಂಬ ನಿಂತವು, ಊರಿಗಾಂ, ಹಾಲಿನಮ್ಮ ಕ್ಯಾನು ಇಳಿಸಿಕೊಂಡಳು, ಪ್ಲಾಟ್‌ಫಾರಂ ಮೇಲೆ ಕುಪ್ಪುಸ್ವಾಮಿ ನಿಂತಿದ್ದಾನೆ, ಗೋಲಿನಲ್ಲಿ ನಿಂತ ಹಾಗೇ ಕಾಲಗಲಿಸಿ, ಕೂದಲೆಲ್ಲ ಬೆಳ್ಳಗಾಗಿದೆ ನನ್ನ ಮಗನಿಗೆ, ಹೇಳಿಬಿಡಬೇಕು, ಈಗಲೇ, ಕಣ್ಣಲ್ಲಿ ನೀರು ಬರುವ ಮೊದಲೇ, ತಕಳಪ್ಪಾ ಕುಪ್ಪು, ಇದು ಇನ್ ನನಗ್ ಯಾಕೆ ಎಂದು ಕೋಲು ಮುಂದೆ ಚಾಚಿದ, ಜೋರಾಗಿ ಹೇಳಿದನೋ ಮೆಲ್ಲಗೆ ಹೇಳಿದನೋ ಯಾರಿಗೆ ಗೊತ್ತು, ಕುಪ್ಪುಸ್ವಾಮಿ ಕೋಲು ತೆಗೆದುಕೊಳ್ಳಲಿಲ್ಲ, ತಲೆ ಕೆರೆದ, ನಕ್ಕ, ಬೆಂಚಿನ ಮೇಲೆ ಕೂರಿಸಿದ, ಬಾಯಿ ದೊಡ್ಡದಾಗಿ ತೆರೆದು ಬಿಡಿಸಿ ಬಿಡಿಸಿ ಆಡಿದ, ರೇಡಿಯೋ ನಾನ್ ಕೇಳ್ತೀನಿ ಮಚ್ಚಾ, ನೀ ಪಕ್ಕದಲ್ ಕೂತ್ಕೋ, ಅಷ್ಟೇ, ಎಂದು ಇವನ ಎಡಗೈ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ, ಬಿಡ್ಲಾ, ಜನ ನೋಡ್ತಾರೆ, ಬಿಡಲಿಲ್ಲ, ದಪ್ಪ ಬೆರಳಿನಿಂದ ಅಂಗೈ ಮೇಲೆ ಒಂದು ಸಲ ಬಡಿದ, ಚೆಂಡು ನಿಂತಿತು ಎಂದು ಸನ್ನೆ ಮಾಡಿದ, ಎರಡು ಸಲ ಬಡಿದ, ಚೆಂಡು ನಮ್ಮ ಗೋಲಿನ ಕಡೆ ಇಳೀತಿದೆ ಎಂದು ಕಣ್ಣರಳಿಸಿ ಹೆದರಿಸಿದ, ಕೋದಂಡಪ್ಪನಿಗೆ ಎದೆ ಹೊಡೆದುಕೊಳ್ಳತೊಡಗಿತು, ಲಂಡನ್ನು, ಬೇಲಿ ಇಲ್ಲದ ಮೈದಾನ, ನಮ್ಮ ಬಾವುಟ, ಹನ್ನೊಂದು ಜನ, ಇಲ್ಲೇ, ಈ ಸುಟ್ಟ ಕಲೆಯ ಅಂಗೈ ಮೇಲೇ ಆಡುತ್ತಾರೆ ಹಾಗಾದರೆ, ಬತ್ತೀನಿ ಕಣ್ಲಾ, ಬತ್ತೀನಿ, ಕೋಲು ಮಾತ್ರ ಕೊಡಲ್ಲ ನಾನು, ಗೋಲಾದ್ರೆ ಏನ್ಲಾ, ಗೋಲಾದ್ರೆ, ಎಂದು ಕೇಳುತ್ತಲೇ ಇದ್ದ, ಕುಪ್ಪುಸ್ವಾಮಿ ಬೆರಳು ಎತ್ತಿದ, ಕತ್ತಲು, ಒದ್ದೆ ಹಗ್ಗ, ಹಗ್ಗ ಅಂಗೈಯೊಳಗೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು, ಮತ್ತೆ —