ಎರಡು ರೂಪಾಯಿಯ ಪ್ರಯಾಣ

ದುಡ್ಡು ಕೊಟ್ಟೆ ಎಂದರೆ ಕಂಡಕ್ಟರನ ಕೆಲಸ ಹೋಗುತ್ತದೆ. ಕೊಟ್ಟಿಲ್ಲ ಎಂದರೆ ನೂರು ರೂಪಾಯಿ ದಂಡ. ಜೇಬಿನಲ್ಲಿರುವುದು ಪರೀಕ್ಷಾ ಶುಲ್ಕ, ಕಟ್ಟಲು ಇವತ್ತೇ ಕೊನೆಯ ದಿನ. ದಂಡ ತೆತ್ತರೆ ಒಂದು ವರ್ಷ ಹೋದಂತೆ. ಅವನ ಕೆಲಸವನ್ನೂ ತನ್ನ ವರ್ಷವನ್ನೂ ಯಾವ ತಕ್ಕಡಿಯಲ್ಲಿ ಇಡುವುದು?

ಬಸ್ಸು ಹಲಸೂರು ಕೆರೆಯ ಬಳಿ ನಿಂತಿತ್ತು. ತನಿಖಾಧಿಕಾರಿ ಸೀಟಿನಿಂದ ಸೀಟಿಗೆ ಟಿಕೆಟ್ ನೋಡುತ್ತ ಬರುತ್ತಿದ್ದರು. ಸಿದ್ಧಲಿಂಗೇಶನ ಬಳಿ ಟಿಕೆಟ್ ಇರಲಿಲ್ಲ.

ಆರು ತಿಂಗಳಿಂದ ಅವನು ಟಿನ್ ಫ್ಯಾಕ್ಟರಿಯಲ್ಲಿ ಹತ್ತಿ ಶಿವಾಜಿನಗರದಲ್ಲಿ ಇಳಿಯುತ್ತಿದ್ದ. ಟಿಕೆಟ್ಟಿಗೆ ನಾಲ್ಕು ರೂಪಾಯಿ. ಅವನು ಎರಡು ಕೊಡುತ್ತಿದ್ದ, ಕಂಡಕ್ಟರ್ ಹುಲಿಗೆಪ್ಪ ಟಿಕೆಟ್ ಹರಿಯದೆ ಅದನ್ನು ಜೇಬಿಗೆ ಹಾಕುತ್ತಿದ್ದ. ಆ ದಾರಿಯಲ್ಲಿ ಇನ್ನೂ ಕೆಲವರದು ಇದೇ ಪದ್ಧತಿ. ಮನುಷ್ಯ ತನಗೆ ಹೆಚ್ಚು ಲಾಭವಾದದ್ದನ್ನೇ ಆರಿಸುತ್ತಾನೆ, ಅದೇ ವಿವೇಕ ಎಂದು ಎಂ.ಎ. ತರಗತಿಯಲ್ಲಿ ಮೇಷ್ಟ್ರು ಹೇಳಿದಾಗ ಸಿದ್ಧಲಿಂಗೇಶ ಉದಾಹರಣೆ ಹುಡುಕಬೇಕಾಗಿರಲಿಲ್ಲ. ಇಬ್ಬರಿಗೂ ಎರಡೆರಡು ರೂಪಾಯಿ ಲಾಭ. ನಷ್ಟವಾದವರು ಯಾರೂ ಎದುರಿಗೆ ಕಾಣುತ್ತಿರಲಿಲ್ಲ. ಪರೀಕ್ಷೆಗೆ ಶುಲ್ಕ ಕಟ್ಟಲು ಹೊರಟಿದ್ದೇನೆ ಎಂದು ಇವತ್ತು ಹತ್ತುವಾಗಲೇ ಅವನು ಹುಲಿಗೆಪ್ಪನಿಗೆ ಹೇಳಿದ್ದ.

"ಓದಿರೋರ ಥರ ಕಾಣ್ತೀರ," ಎಂದರು ತನಿಖಾಧಿಕಾರಿ. "ದುಡ್ಡು ಕೊಟ್ರಾ, ಇಲ್ವಾ? ಅಷ್ಟು ಹೇಳಿ ಸಾಕು."

ಹಿಂದಿನಿಂದ ಯಾರೋ, "ಕ್ವೆಶ್ಚನ್ ಪೇಪರ್ ಕಷ್ಟ ಇದೆ ಗುರು," ಎಂದು ನಕ್ಕರು.

ಹುಲಿಗೆಪ್ಪ ಜನರ ನಡುವೆ ನುಸುಳಿ ಬಂದ. "ನಾಲ್ಕು ರೂಪಾಯಿ ಕೊಟ್ಟಾರ್ರೀ ಸಾಹೇಬ್ರ. ಟಿಕೆಟ್ ಹರಿಯೋದು ನಾನ ಮರ್ತೆ. ಅವ್ರನ್ನ ಬಿಡ್ರಿ."

ಇದು ಮೂರನೆಯ ಮೆಮೊ, ಈ ಸಲ ಅಮಾನತು ತಪ್ಪುವುದಿಲ್ಲ ಎಂದು ಅಧಿಕಾರಿ ಎಚ್ಚರಿಸಿದರು.

"ಗೊತ್ತೈತ್ರಿ."

ಹೌದೇ ಎಂಬಂತೆ ಅಧಿಕಾರಿ ಸಿದ್ಧಲಿಂಗೇಶನ ಕಡೆ ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಅವರು ಸಾಕ್ಷಿಗೆಂದು ಅವನ ವಿಳಾಸ ಬರೆದುಕೊಂಡು ಇಳಿದುಹೋದರು. ಅವನು ಅಂದೇ ಶುಲ್ಕ ಕಟ್ಟಿದ.

ಮರುವಾರ ಬಸ್ಸಿಗೆ ಬೇರೆ ಕಂಡಕ್ಟರ್ ಬಂದ. ಹುಲಿಗೆಪ್ಪ ಅಮಾನತಾಗಿದ್ದಾನೆ, ಕಗ್ಗದಾಸಪುರದ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದಾನೆ ಎಂದು ಆ ಹೊಸಬನಿಂದಲೇ ತಿಳಿಯಿತು. ಸಿದ್ಧಲಿಂಗೇಶ ಇದನ್ನು ಸಹಪಾಠಿ ಶಿಶಿರ್‌ಗೆ ಹೇಳಿದ.

"ಅವನ ಲೆಕ್ಕ ತಪ್ಪೋಯ್ತು ಮಗಾ. ನಿಂದು ಸರಿಯಾಯ್ತು, ಅಷ್ಟೇ."

ಲೆಕ್ಕ ಹಾಕಿದ್ದರೆ ಹುಲಿಗೆಪ್ಪ ಸುಮ್ಮನಿರುತ್ತಿದ್ದ. ಅವನು ಸುಮ್ಮನಿದ್ದಿದ್ದರೆ ತಾನು ಏನು ಹೇಳುತ್ತಿದ್ದೆ ಎಂಬುದು ಸಿದ್ಧಲಿಂಗೇಶನಿಗೆ ಇನ್ನೂ ತಿಳಿದಿರಲಿಲ್ಲ.

ಎರಡು ತಿಂಗಳ ನಂತರ ಹುಲಿಗೆಪ್ಪನ ವಿಚಾರಣೆಗೆ ಬರಬೇಕೆಂದು ಸಾರಿಗೆ ಕಚೇರಿಯಿಂದ ಕಾಗದ ಬಂತು. ಅಲ್ಲಿ ಹುಲಿಗೆಪ್ಪ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದ. ಇವನನ್ನು ನೋಡಿ ನಕ್ಕು, ಪರೀಕ್ಷೆ ಹೇಗಾಯಿತು ಎಂದು ಕೇಳಿದ. ಚೆನ್ನಾಗಾಯಿತು ಎಂದ ಸಿದ್ಧಲಿಂಗೇಶ. ಒಳಗೆ ಹೋಗಿ, ನಾಲ್ಕು ರೂಪಾಯಿ ಕೊಟ್ಟಿದ್ದೆ ಎಂದು ಬರೆದು ಸಹಿ ಮಾಡಿದ.

ಕೊಟ್ಟದ್ದು ಎರಡೇ ಎಂದು ಅವನು ಹೇಳಲಿಲ್ಲ. ಮೊದಲ ದಿನ, ಟಿಕೆಟ್ ಬೇಡ, ಎರಡು ತೆಗೆದುಕೊಳ್ಳಿ ಎಂದು ಹುಲಿಗೆಪ್ಪನನ್ನು ಒಪ್ಪಿಸಿದವನು ತಾನೇ ಎಂಬುದನ್ನೂ ಹೇಳಲಿಲ್ಲ.