ಐದನೆಯ ಉಡಿ

೧೯೫೪ರ ಒಂದು ಭಾನುವಾರ, ಮುಂಬಯಿಯ ವಡಾಲದ ಚಾಳಿನಲ್ಲಿ ಶರಣವ್ವನ ಕುಬಸ, ಅಂದರೆ ಸೀಮಂತ. ಒಂದೇ ಖೋಲಿಯಲ್ಲಿ ಹದಿನೆಂಟು ಹೆಂಗಸರು, ಕಾಲಿಡಲು ಜಾಗವಿಲ್ಲ. ಬಸುರಿಗೆ ಐವರು ಮುತ್ತೈದೆಯರು ಉಡಿ ತುಂಬಬೇಕು. ಐದನೆಯದು ಆಗುವವರೆಗೆ ಅವಳು ಮಣೆ ಬಿಟ್ಟು ಏಳುವಂತಿಲ್ಲ. ನಾಲ್ಕು ಮುಗಿದಿದ್ದವು.

ಪಕ್ಕದ ಖೋಲಿಯ ರಾಚವ್ವ ಹೊರಗೆ ಗ್ಯಾಲರಿಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಗಂಡ ಸತ್ತು ಹನ್ನೆರಡು ವರ್ಷ. ಹೋಳಿಗೆಗೆ ಅವಳ ಕೈ ಬೇಕು, ಉಡಿಗೆ ಬೇಡ. ಲೋಕದ ನ್ಯಾಯ ಎಷ್ಟು ಚಂದ ನೋಡಿ! ಆದರೆ ರಾಚವ್ವನಿಗೂ ಅದೇ ಸರಿಯೆನ್ನಿಸಿತ್ತು.

“ಐದನೇದು ರಾಚಕ್ಕ ತುಂಬಲಿ,” ಎಂದಳು ಶರಣವ್ವ.

ಅತ್ತೆ ಚಂದ್ರವ್ವನ ಮುಖ ಕೆಂಪಗಾಯಿತು. “ಹುಚ್ಚಿ, ಚೊಚ್ಚಲ ಬಸರು ನಿಂದು. ಹೊಟ್ಟ್ಯಾಗಿನ ಕೂಸಿನ ಖಬರ ಐತಿಲ್ಲೊ?”

“ಐತ್ರಿ ಅತ್ತಿ. ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ನನ್ನ ಬಾಯಿಗೆ ಗಂಜಿ ಹಾಕಿದಾಕಿ ಅಕಿ. ಆವಾಗ ಯಾರೂ ಅಪಶಕುನ ಅನ್ನಲಿಲ್ಲ. ಕೊರಳಾಗ ಲಿಂಗ ಕಟ್ಕೊಂಡು, ಗಂಡ ಇದ್ದಾಕಿ, ಗಂಡ ಸತ್ತಾಕಿ ಅಂತ ಭೇದ ಮಾಡಿದ್ರ, ಈ ಲಿಂಗ ಯಾಕ ಬೇಕ್ರಿ ನಮಗ?”

ಇದು ಕಿವಿಗೆ ಬಿದ್ದದ್ದೇ ರಾಚವ್ವ ಒಲೆ ಬಿಟ್ಟು ಬಾಗಿಲ ಹೊರಗೆ ಬಂದು ನಿಂತಳು. ನಾಳೆ ಕೂಸಿಗೆ ಏನಾದರೂ ಆದರೆ ಇಡೀ ಚಾಳು ತನ್ನ ಕಡೆಗೇ ಬೊಟ್ಟು ಮಾಡುತ್ತದೆ. ಆಮೇಲೆ ಎಲ್ಲಿಗೆ ಹೋಗುವುದು? “ನನ್ನ ಕಡಿಂದ ಆಗೂದಿಲ್ಲವ್ವ, ಹಟ ಮಾಡಬ್ಯಾಡ,” ಎಂದಳು.

“ಹಂಗಾರ ನಾನೂ ಏಳೂದಿಲ್ಲ.”

ಕೂತೇಬಿಟ್ಟಳು ಪುಣ್ಯಾತ್ಗಿತ್ತಿ. ಬೇರೆ ಯಾರಾದರೂ ಅಕ್ಕಿ ಹಿಡಿದು ಬಂದರೆ ಸೆರಗು ಮುಚ್ಚಿಕೊಳ್ಳುವಳು. ಇಬ್ಬರು ಮೂಗು ಮುರಿದು, ಲೋಕಲ್ ರೈಲು ತಪ್ಪುತ್ತದೆಂದು ಎದ್ದುಹೋದರು. ಹೋಳಿಗೆ ಆರಿಹೋದವು. ಗಂಟೆ ದಾಟಿತು. ಶರಣವ್ವನ ಹಣೆಯಲ್ಲಿ ಬೆವರು ಇಳಿಯತೊಡಗಿತು.

ಕೂಸಿಗೆ ಕೇಡಾದೀತೆಂದು ಹೊರಗೇ ನಿಂತಿದ್ದ ರಾಚವ್ವನಿಗೆ, ತಾನು ಒಳಗೆ ಹೋಗದಿರುವುದೇ ಈಗ ಬಸುರಿಗೆ ಕಷ್ಟವಾಗಿದೆ ಎಂದು ಕಣ್ಣಿಗೆ ಕಂಡಿತು. ಕೈ ಒರೆಸಿಕೊಂಡು ಹೊಸ್ತಿಲು ದಾಟಿದಳು. ಚಂದ್ರವ್ವ ಅಕ್ಕಿಯ ಮೊರವನ್ನು ಅವಳ ಕಡೆ ತಳ್ಳಿದಳು. “ತುಂಬವಾ. ಸೊಸಿ ಕಾಲು ಬಾತಾವು.”

ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ರಾಚವ್ವ ಉಡಿಗೆ ಸುರಿಯುವಾಗ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಯಾರೂ ನಗಲಿಲ್ಲ.

ಶರಣವ್ವ ಏಳಲು ಹೋದಳು, ಆಗಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ರಾಚವ್ವ ಅಲ್ಲೇ ಕೂತು ತಿಕ್ಕತೊಡಗಿದಳು, ಕಣ್ಣೀರು ನಿಲ್ಲಲಿಲ್ಲ.

“ಅಳೂದು ಆಮ್ಯಾಲ ರಾಚಕ್ಕ, ಮೊದಲ ಎಡಗಾಲು ತಿಕ್ಕು,” ಎಂದು ಶರಣವ್ವ ನಕ್ಕಳು.

ರಾಚವ್ವ ತಿಕ್ಕಿದಳು. ಹೆತ್ತವರಿರಲಿ, ಕಟ್ಟಿಕೊಂಡವನಿರಲಿ, ತನಗಾಗಿ ಇಷ್ಟು ಹೊತ್ತು ಯಾರೂ ಕಾದು ಕೂತಿರಲಿಲ್ಲ.